ಲಾರಿ, ಸಲಿಕೆ, ಮದ್ದುಗುಂಡು: ಎರಡನೇ ಮಹಾಯುದ್ಧದ ಕಪ್ಪು ಸೈನಿಕರು

(ಗ್ರಂಥಾಲಯವೊಂದರ ಸಭಾಂಗಣದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಈ ಕಾರ್ಯಕ್ರಮಕ್ಕೆ ಕರೆಯುವಾಗ ಸಂಘಟಕರು ಟಸ್ಕೀಗಿ ಪೈಲಟ್‌ಗಳ ಬಗ್ಗೆ ಮಾತಾಡಿ ಎಂದು ಕೇಳಿಕೊಂಡಿದ್ದರು. ಅಮೆರಿಕದ ಕಪ್ಪು ಸೈನಿಕರು ಎಂದ ಕೂಡಲೇ ಓದಿಕೊಂಡವರಿಗೆ ನೆನಪಾಗುವುದು ಅವರೇ. ಅಲಬಾಮಾದ ಟಸ್ಕೀಗಿಯಲ್ಲಿ ತರಬೇತಿ ಪಡೆದು, ಬಾಲಕ್ಕೆ ಕೆಂಪು ಬಣ್ಣ ಬಳಿದ ವಿಮಾನಗಳಲ್ಲಿ ಇಟಲಿಯಿಂದ ಹೊರಟು, ಬಾಂಬರ್‌ಗಳಿಗೆ ಕಾವಲಾಗಿ ಹಾರಿದ ಹುಡುಗರು. ಅವರ ಬಗ್ಗೆ ನನಗೆ ತುಂಬು ಗೌರವವಿದೆ. ಆದರೂ ಸಂಘಟಕರ ಅನುಮತಿ ಪಡೆದು ಇವತ್ತು ಬೇರೆಯವರ ಬಗ್ಗೆ ಮಾತಾಡುತ್ತೇನೆ.

ಎರಡನೇ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಪ್ಪು ಅಮೆರಿಕನ್ನರು ಸಮವಸ್ತ್ರ ತೊಟ್ಟರು. ಯುದ್ಧದ ಕೊನೆಯ ಹೊತ್ತಿಗೆ ಭೂಸೇನೆಯಲ್ಲಿದ್ದ ಕಪ್ಪು ಸೈನಿಕರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಕಾದಾಡುವ ದಳಗಳಲ್ಲಿ ಇರಲಿಲ್ಲ. ಅವರು ಲಾರಿ ಓಡಿಸಿದರು, ಹಡಗಿನಿಂದ ಸರಕು ಇಳಿಸಿದರು, ಕಾಡು ಕಡಿದು ರಸ್ತೆ ಹಾಕಿದರು, ಬಟ್ಟೆ ಒಗೆದರು, ಸತ್ತವರಿಗೆ ಗುಂಡಿ ತೋಡಿದರು. ಪೈಲಟ್‌ಗಳಿಗೆ ತಡವಾಗಿಯಾದರೂ ಪದಕ, ಸಿನಿಮಾ, ಸ್ಮಾರಕ ಸಿಕ್ಕವು. ಇವರಿಗೆ ಅದರಲ್ಲಿ ಹೆಚ್ಚಿನದೇನೂ ಸಿಗಲಿಲ್ಲ. ಯಾಕೆ ಎಂದರೆ ಯುದ್ಧದ ಕಥೆ ಹೇಳುವಾಗ ನಾವು ಗುಂಡು ಹಾರಿಸಿದವನನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ, ಆ ಗುಂಡನ್ನು ಅವನ ಕೈಗೆ ತಲುಪಿಸಿದವನನ್ನು ಬಿಟ್ಟುಬಿಡುತ್ತೇವೆ.

ಇದರ ಹಿಂದೆ ಒಂದು ವ್ಯವಸ್ಥೆ ಇತ್ತು. ಮೊದಲು ಒಂದು ಕೆಲಸವನ್ನು ಕೀಳು ಎಂದು ತೀರ್ಮಾನಿಸುವುದು. ಆಮೇಲೆ ಅದನ್ನು ಒಂದು ಜನಾಂಗದ ಕೊರಳಿಗೆ ಕಟ್ಟುವುದು. ಕೊನೆಗೆ, ಇವರು ಮಾಡುವುದೇ ಇಂಥ ಕೆಲಸ, ಇವರ ಯೋಗ್ಯತೆ ಇಷ್ಟೇ ಎಂದು ಸಾರುವುದು. ಹುಟ್ಟು ನೋಡಿ ಕಸುಬು ಹಂಚುವ ಈ ಲೆಕ್ಕಾಚಾರವನ್ನು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. 1946ರಲ್ಲಿ ಡಾ. ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಒಂದು ಪತ್ರ ಬರೆದರು. ಭಾರತದ ಅಸ್ಪೃಶ್ಯರ ಸ್ಥಿತಿಗೂ ಅಲ್ಲಿನ ಕಪ್ಪು ಜನರ ಸ್ಥಿತಿಗೂ ಇರುವ ಹೋಲಿಕೆಯನ್ನು ಅದರಲ್ಲಿ ಎತ್ತಿ ಹೇಳಿದ್ದರು.

ಅಮೆರಿಕದ ಸೇನೆ ಈ ಭೇದವನ್ನು ಕಾಗದದ ಮೇಲೇ ಬರೆದಿಟ್ಟುಕೊಂಡಿತ್ತು. 1925ರಲ್ಲಿ ಆರ್ಮಿ ವಾರ್ ಕಾಲೇಜು ತಯಾರಿಸಿದ ವರದಿಯೊಂದು ಕಪ್ಪು ಜನರಿಗೆ ಬುದ್ಧಿ ಕಡಿಮೆ, ಧೈರ್ಯ ಕಡಿಮೆ, ನಾಯಕತ್ವದ ಗುಣವಿಲ್ಲ ಎಂದು ಷರಾ ಬರೆಯಿತು. 1940ರ ಕಡ್ಡಾಯ ಸೇನಾ ಭರ್ತಿ ಕಾನೂನಿನಲ್ಲಿ ಬಣ್ಣ ನೋಡಿ ತಾರತಮ್ಯ ಮಾಡಬಾರದು ಎಂಬ ಮಾತೇನೋ ಸೇರಿತು. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ ಶ್ವೇತಭವನದಿಂದ ಬಂದ ಹೇಳಿಕೆ, ಕಪ್ಪು ಮತ್ತು ಬಿಳಿಯ ಸೈನಿಕರನ್ನು ಒಂದೇ ರೆಜಿಮೆಂಟಿನಲ್ಲಿ ಬೆರೆಸುವುದಿಲ್ಲ ಎಂದು ಸ್ಪಷ್ಟಪಡಿಸಿತು. ಹಾಗಾಗಿ ಬ್ಯಾರಕ್ಕು ಬೇರೆ, ಊಟದ ಸಾಲು ಬೇರೆ, ಸಿನಿಮಾ ನೋಡುವಾಗ ಕೂರುವ ಜಾಗವೂ ಬೇರೆ. ದಾನ ಮಾಡಿದ ರಕ್ತವನ್ನು ಸಹ ಬೇರೆ ಇಟ್ಟರು. ರೆಡ್ ಕ್ರಾಸ್ ಮೊದಲಿಗೆ ಕಪ್ಪು ಜನರ ರಕ್ತ ಬೇಡವೇ ಬೇಡ ಎಂದಿತ್ತು. 1942ರಲ್ಲಿ ತೆಗೆದುಕೊಳ್ಳಲು ಒಪ್ಪಿ, ಬಾಟಲಿಗಳ ಮೇಲೆ ಗುರುತು ಹಾಕಿ ಪ್ರತ್ಯೇಕಿಸಿತು. ರಕ್ತದ ಪ್ಲಾಸ್ಮಾವನ್ನು ಕೆಡದಂತೆ ಕಾಪಿಡುವ ವಿಧಾನವನ್ನು ರೂಪಿಸಿದವರಲ್ಲಿ ಮುಂಚೂಣಿಯಲ್ಲಿದ್ದ ಡಾ. ಚಾರ್ಲ್ಸ್ ಡ್ರೂ ಸ್ವತಃ ಕಪ್ಪು ವೈದ್ಯರು. ಆ ಹೊತ್ತಿನಲ್ಲಿ ಅವರಿಗೆ ಏನನ್ನಿಸಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನೌಕಾಪಡೆಯ ಬಾಗಿಲು ಇನ್ನೂ ಕಿರಿದು. 1942ರವರೆಗೆ ಅಲ್ಲಿಗೆ ಸೇರುವ ಕಪ್ಪು ಯುವಕನಿಗೆ ಸಿಗುತ್ತಿದ್ದುದು ಊಟದ ಮನೆಯ ಚಾಕರಿ ಮಾತ್ರ. ಅಧಿಕಾರಿಗಳಿಗೆ ಬಡಿಸುವುದು, ಹಾಸಿಗೆ ಸರಿಪಡಿಸುವುದು, ಬೂಟು ಒರೆಸುವುದು. ಟೆಕ್ಸಸ್‌ನ ವೇಕೋ ಊರಿನ ಡೋರಿ ಮಿಲ್ಲರ್ ಹಾಗೆ ಸೇರಿದವನು. 1941ರ ಡಿಸೆಂಬರ್ 7ರ ಬೆಳಿಗ್ಗೆ ಪರ್ಲ್ ಹಾರ್ಬರ್‌ನಲ್ಲಿ, ವೆಸ್ಟ್ ವರ್ಜೀನಿಯಾ ಎಂಬ ಯುದ್ಧನೌಕೆಯ ಮೇಲೆ, ಅವನು ಒಗೆಯುವ ಬಟ್ಟೆ ಸಂಗ್ರಹಿಸುತ್ತಿದ್ದ. ಜಪಾನಿನ ವಿಮಾನಗಳು ಎರಗಿದಾಗ ಗಾಯಗೊಂಡ ಕ್ಯಾಪ್ಟನ್ನನ್ನು ಎತ್ತಿ ಸಾಗಿಸಲು ಕೈಜೋಡಿಸಿದ. ಆಮೇಲೆ ಯಾರೂ ಯಾವತ್ತೂ ಹೇಳಿಕೊಡದ ಮೆಷಿನ್ ಗನ್ ಹಿಂದೆ ನಿಂತು ಗುಂಡು ಹಾರಿಸಿದ. ನೇವಿ ಕ್ರಾಸ್ ಪದಕ ಬಂತು, ಅಡ್ಮಿರಲ್ ನಿಮಿಟ್ಜ್ ಸ್ವತಃ ಎದೆಗೆ ಚುಚ್ಚಿದರು. ಆದರೆ ಅವನ ವಿಭಾಗ ಬದಲಾಗಲಿಲ್ಲ. 1943ರ ನವೆಂಬರಿನಲ್ಲಿ ಲಿಸ್ಕಮ್ ಬೇ ಎಂಬ ಹಡಗು ಮುಳುಗಿ ಸತ್ತಾಗಲೂ ಅವನು ಊಟದ ಮನೆ ವಿಭಾಗದ ಅಡುಗೆಯವನೇ.

ಈಗ ಪೋರ್ಟ್ ಶಿಕಾಗೊಗೆ ಬರುತ್ತೇನೆ. ಹೆಸರು ಶಿಕಾಗೊ ಎಂದಿದ್ದರೂ ಇದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಿಂದ ಒಳಗೆ ಸೂಸುನ್ ಕೊಲ್ಲಿಯ ದಂಡೆಯಲ್ಲಿದ್ದ ನೌಕಾಪಡೆಯ ಮದ್ದುಗುಂಡು ಬಂದರು. ಪೆಸಿಫಿಕ್ ಯುದ್ಧಕ್ಕೆ ಹೋಗುವ ಬಾಂಬು, ಶೆಲ್ಲುಗಳೆಲ್ಲ ರೈಲಿನಲ್ಲಿ ಇಲ್ಲಿಗೆ ಬಂದು ಹಡಗು ಹತ್ತುತ್ತಿದ್ದವು. ಹತ್ತಿಸುವವರು ಎಲ್ಲರೂ ಕಪ್ಪು ನಾವಿಕರು, ಮೇಲೆ ನಿಂತು ನೋಡುವ ಅಧಿಕಾರಿಗಳು ಎಲ್ಲರೂ ಬಿಳಿಯರು. ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಹಮಾಲರು ಮೂಟೆ ಲೋಡ್ ಮಾಡುವುದನ್ನು ನೋಡಿದ್ದೀರಲ್ಲ, ಕೆಲಸ ಹೆಚ್ಚು ಕಡಿಮೆ ಅಂಥದ್ದೇ. ಮೂಟೆಯ ಜಾಗದಲ್ಲಿ ಬಾಂಬು. ಮದ್ದುಗುಂಡು ಹೇಗೆ ಮುಟ್ಟಬೇಕು, ಹೇಗೆ ಇಳಿಸಬೇಕು ಎಂಬ ಸರಿಯಾದ ತರಬೇತಿಯನ್ನು ಯಾರಿಗೂ ಕೊಟ್ಟಿರಲಿಲ್ಲ. ಇದು ಸಿಡಿಯುವುದಿಲ್ಲ, ಹೆದರಬೇಡಿ ಎಂದು ಅಧಿಕಾರಿಗಳು ಅವರಿಗೆ ಹೇಳುತ್ತಿದ್ದರು.

ಹಡಗಿನ ಒಂದೊಂದು ಹೊಟ್ಟೆಗೆ ಗಂಟೆಗೆ 10 ಟನ್ ತುಂಬಬೇಕು ಎಂಬುದು ಗುರಿ. ಯಾವ ತಂಡ ಎಷ್ಟು ಟನ್ ತುಂಬಿತು ಎಂಬುದನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಯಾರ ತಂಡ ಗೆಲ್ಲುತ್ತದೆ ಎಂದು ಅಧಿಕಾರಿಗಳು ಪಂಥ ಕಟ್ಟುತ್ತಿದ್ದರು. ಬಾಂಬು ಹೊತ್ತವನ ವೇಗದ ಮೇಲೆ ದುಡ್ಡು ಕಟ್ಟಿ ಆಡುವುದನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ.

1944ರ ಜುಲೈ 17ರ ರಾತ್ರಿ 10 ಗಂಟೆ 18 ನಿಮಿಷಕ್ಕೆ ಹಡಗು ನಿಲ್ಲುವ ಧಕ್ಕೆ ಸಿಡಿಯಿತು. ಇ.ಎ. ಬ್ರಯಾನ್ ಎಂಬ ಹಡಗಿನಲ್ಲಿ ಸುಮಾರು 4,600 ಟನ್ ಸ್ಫೋಟಕ ತುಂಬಿತ್ತು. ಅದು ಚೂರುಚೂರಾಯಿತು. ಪಕ್ಕದಲ್ಲಿ ತುಂಬಿಸಿಕೊಳ್ಳಲು ಕಾದಿದ್ದ ಕ್ವಿನಾಲ್ಟ್ ವಿಕ್ಟರಿ ಹಡಗು ತುಂಡಾಗಿ ನೀರಿಗೆ ಬಿತ್ತು. 320 ಜನ ಸತ್ತರು. ಅವರಲ್ಲಿ 202 ಜನ ಕಪ್ಪು ನಾವಿಕರು. ಗುರುತು ಹಿಡಿಯಲು ಸಾಧ್ಯವಾದ ದೇಹಗಳು 51 ಮಾತ್ರ. ಇಡೀ ಯುದ್ಧದಲ್ಲಿ ನೌಕಾಪಡೆಯ ಕಪ್ಪು ಜನರಿಗೆ ಆದ ಸಾವುನೋವಿನಲ್ಲಿ ಶೇ. 15ರಷ್ಟು ಅದೊಂದೇ ರಾತ್ರಿ ಆದದ್ದು. ಶತ್ರು ಸಾವಿರಾರು ಮೈಲಿ ದೂರದಲ್ಲಿದ್ದ.

ಬದುಕುಳಿದ ಬಿಳಿಯ ಅಧಿಕಾರಿಗಳಿಗೆ ಮನೆಗೆ ಹೋಗಿ ಬರಲು ರಜೆ ಸಿಕ್ಕಿತು. ಕಪ್ಪು ನಾವಿಕರಿಗೆ ಸಿಗಲಿಲ್ಲ. ಗೆಳೆಯರ ದೇಹದ ತುಂಡುಗಳನ್ನು ಆಯುವ ಕೆಲಸವೂ ಅವರ ಪಾಲಿಗೇ ಬಂತು. ತನಿಖಾ ಮಂಡಳಿ ಅಧಿಕಾರಿಗಳ ಮೇಲೆ ತಪ್ಪು ಹೊರಿಸಲಿಲ್ಲ. ಸತ್ತವರ ಕುಟುಂಬಕ್ಕೆ 5,000 ಡಾಲರ್ ಪರಿಹಾರ ಕೊಡುವ ಪ್ರಸ್ತಾಪ ಅಮೆರಿಕದ ಸಂಸತ್ತಿಗೆ ಬಂದಾಗ, ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನ ಎಂದು ತಿಳಿದ ಮಿಸಿಸಿಪ್ಪಿಯ ಪ್ರತಿನಿಧಿ ಜಾನ್ ರ್‍ಯಾಂಕಿನ್ ತಕರಾರು ತೆಗೆದ. ಮೊತ್ತ 3,000ಕ್ಕೆ ಇಳಿಯಿತು.

ಮೂರು ವಾರ ಕಳೆಯಿತು. ಆಗಸ್ಟ್ 9ರಂದು ಉಳಿದವರನ್ನು ಹತ್ತಿರದ ಮೇರ್ ಐಲ್ಯಾಂಡಿನಲ್ಲಿ ಸಾಲು ನಿಲ್ಲಿಸಿ ಮತ್ತೆ ಮದ್ದುಗುಂಡು ತುಂಬಲು ಹೊರಡಿಸಿದರು. ತರಬೇತಿ ಇಲ್ಲ, ಪದ್ಧತಿಯಲ್ಲಿ ಬದಲಾವಣೆ ಇಲ್ಲ, ಅವೇ ಅಧಿಕಾರಿಗಳು. 258 ಜನ ಹೆಜ್ಜೆ ಮುಂದಿಡಲಿಲ್ಲ. ಬೇರೆ ಯಾವ ಕೆಲಸ ಬೇಕಾದರೂ ಹೇಳಿ ಮಾಡುತ್ತೇವೆ, ಬಾಂಬು ಮಾತ್ರ ಮುಟ್ಟುವುದಿಲ್ಲ ಎಂದರು. ಅವರನ್ನು ದೋಣಿಯೊಂದರಲ್ಲಿ ಕೂಡಿಹಾಕಿದರು. ಅಡ್ಮಿರಲ್ ಒಬ್ಬರು ಬಂದು, ಯುದ್ಧಕಾಲದಲ್ಲಿ ದಂಗೆಗೆ ಮರಣದಂಡನೆ ಎಂದು ನೆನಪಿಸಿದರು. 208 ಜನ ಹಿಂದೆ ಸರಿದರು. ಅವರಿಗೆ ಮೂರು ತಿಂಗಳ ಸಂಬಳ ಕಡಿತವಾಯಿತು. ಉಳಿದ 50 ಜನರ ಮೇಲೆ ದಂಗೆಯ ಆರೋಪ ಹೊರಿಸಿ ಕೋರ್ಟ್ ಮಾರ್ಷಲ್ ನಡೆಸಿದರು. ವಾರಗಟ್ಟಲೆ ನಡೆದ ವಿಚಾರಣೆಯ ಕೊನೆಗೆ, 50 ಜನರ ಹಣೆಬರಹ ನಿರ್ಧರಿಸಲು ನ್ಯಾಯಮಂಡಳಿ ತೆಗೆದುಕೊಂಡ ಸಮಯ 80 ನಿಮಿಷ. ಎಲ್ಲರೂ ತಪ್ಪಿತಸ್ಥರು. 8ರಿಂದ 15 ವರ್ಷಗಳ ಶಿಕ್ಷೆ.

ಆ ವಿಚಾರಣೆಯನ್ನು ಕೂತು ಕೇಳಿದವರಲ್ಲಿ ಥರ್ಗುಡ್ ಮಾರ್ಷಲ್ ಎಂಬ ವಕೀಲರೂ ಇದ್ದರು. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಆದವರು ಅವರೇ. ಇಲ್ಲಿ ಕಟಕಟೆಯಲ್ಲಿ ನಿಲ್ಲಬೇಕಾದದ್ದು ನೌಕಾಪಡೆ ಎಂದು ಅವರು ಬಹಿರಂಗವಾಗಿಯೇ ಹೇಳಿದರು. ಪತ್ರಿಕೆಗಳು ಬರೆದವು, ಒತ್ತಡ ಹೆಚ್ಚಿತು. ಯುದ್ಧ ಮುಗಿದ ಮೇಲೆ, 1946ರ ಜನವರಿಯಲ್ಲಿ ಬಹುತೇಕರನ್ನು ಬಿಡುಗಡೆ ಮಾಡಿದರು. ಮರುತಿಂಗಳೇ ನೌಕಾಪಡೆ ಕಪ್ಪು ನಾವಿಕರ ಮೇಲಿದ್ದ ನಿರ್ಬಂಧಗಳನ್ನು ತೆಗೆಯುವ ಆದೇಶ ಹೊರಡಿಸಿತು. ಆದರೆ ಅಪರಾಧದ ಹಣೆಪಟ್ಟಿ ಉಳಿಯಿತು. ಅದನ್ನು ಪೂರ್ತಿಯಾಗಿ ಕಿತ್ತುಹಾಕಿದ್ದು 2024ರ ಜುಲೈ 17ರಂದು, ಸ್ಫೋಟಕ್ಕೆ ಸರಿಯಾಗಿ 80 ವರ್ಷ ತುಂಬಿದ ದಿನ.

ಇನ್ನು ಯುರೋಪಿಗೆ ಹೋಗೋಣ. 1944ರ ಆಗಸ್ಟ್. ನಾರ್ಮಂಡಿಯಲ್ಲಿ ಇಳಿದ ಮಿತ್ರಸೇನೆ ಯಾರೂ ಎಣಿಸಿರದ ವೇಗದಲ್ಲಿ ಫ್ರಾನ್ಸನ್ನು ಹಾಯ್ದು ಓಡುತ್ತಿದೆ. ಜನರಲ್ ಪ್ಯಾಟನ್‌ನ ಟ್ಯಾಂಕುಗಳ ಫೋಟೊಗಳನ್ನು ನೀವೆಲ್ಲ ನೋಡಿರುತ್ತೀರಿ. ಟ್ಯಾಂಕು ಓಡಬೇಕಾದರೆ ಪೆಟ್ರೋಲು ಬೇಕು. ಒಂದು ಡಿವಿಜನ್ನಿಗೆ, ಅಂದರೆ ಸಾವಿರಾರು ಸೈನಿಕರ ಒಂದು ದೊಡ್ಡ ದಳಕ್ಕೆ, ದಿನಕ್ಕೆ ಸುಮಾರು 750 ಟನ್ ಸಾಮಾನು ಬೇಕು, ಅಲ್ಲಿದ್ದುದು 28 ಡಿವಿಜನ್. ರೈಲು ಹಳಿಗಳನ್ನು ಮಿತ್ರಸೇನೆಯೇ ಮೊದಲು ಬಾಂಬು ಹಾಕಿ ಹಾಳು ಮಾಡಿತ್ತು. ಉಳಿದದ್ದು ಲಾರಿ. ಆಗಸ್ಟ್ 25ರಂದು ರೆಡ್ ಬಾಲ್ ಎಕ್ಸ್‌ಪ್ರೆಸ್ ಶುರುವಾಯಿತು. ಹೋಗಲು ಒಂದು ರಸ್ತೆ, ಬರಲು ಇನ್ನೊಂದು, ಎರಡರಲ್ಲೂ ಬೇರೆ ವಾಹನಗಳಿಗೆ ಪ್ರವೇಶವಿಲ್ಲ. ದಾರಿಯುದ್ದಕ್ಕೂ ಕೆಂಪು ವೃತ್ತದ ಗುರುತು. ಉತ್ತುಂಗದ ದಿನಗಳಲ್ಲಿ 5,958 ಲಾರಿಗಳು ದಿನಕ್ಕೆ 12,500 ಟನ್ ಸಾಗಿಸಿದವು. ಚಾಲಕರಲ್ಲಿ ನಾಲ್ವರಲ್ಲಿ ಮೂವರು ಕಪ್ಪು ಸೈನಿಕರು.

ರಾತ್ರಿ ಹೆಡ್‌ಲೈಟ್ ಹಾಕುವಂತಿಲ್ಲ, ಜರ್ಮನ್ ವಿಮಾನಗಳ ಭಯ. ಬೆಕ್ಕಿನ ಕಣ್ಣು ಎಂದು ಕರೆಯುತ್ತಿದ್ದ ಸಣ್ಣ ಸೀಳಿನ ಮಂದ ಬೆಳಕಿನಲ್ಲಿ, ಮುಂದಿನ ಲಾರಿಯ ಹಿಂಬದಿ ನೋಡಿಕೊಂಡು ಓಡಿಸಬೇಕು. ಹಿಂದೆ ಪೆಟ್ರೋಲು ಕ್ಯಾನುಗಳು ಅಥವಾ ಶೆಲ್ಲುಗಳು. ಎಂಜಿನ್ನಿಗೆ ಹಾಕಿದ್ದ ವೇಗ ಮಿತಿಯ ಸಾಧನವನ್ನು ಚಾಲಕರೇ ಕಿತ್ತುಹಾಕುತ್ತಿದ್ದರು. ನಿಲ್ಲಿಸಿದರೆ ಹೊತ್ತು ಹೋಗುತ್ತದೆ ಎಂದು ಇಬ್ಬರು ಚಾಲಕರು ಓಡುತ್ತಿರುವ ಲಾರಿಯಲ್ಲೇ ಸೀಟು ಬದಲಿಸಿಕೊಳ್ಳುತ್ತಿದ್ದರು. ಇವರಲ್ಲಿ ಎಷ್ಟೋ ಮಂದಿ ಸೇನೆಗೆ ಸೇರುವ ಮೊದಲು ಲಾರಿಯ ಸ್ಟೀರಿಂಗ್ ಮುಟ್ಟಿದವರಲ್ಲ. 1944ರ ನವೆಂಬರ್ 16ರವರೆಗೆ, ಸುಮಾರು 12 ವಾರ ಹೀಗೆ ನಡೆಯಿತು. ಅಮೆರಿಕದ ಸೇನೆ ಜರ್ಮನಿಯ ಗಡಿ ಮುಟ್ಟಿದ್ದು ಈ ಲಾರಿಗಳ ಬಲದಿಂದ.

ನಮ್ಮ ದೇಶದ ನೆಲಕ್ಕೂ ಈ ಕಥೆಗೂ ನೇರ ಸಂಬಂಧವಿದೆ. ಜಪಾನ್ ಬರ್ಮಾವನ್ನು ವಶಪಡಿಸಿಕೊಂಡು ಚೀನಾಕ್ಕೆ ಹೋಗುವ ರಸ್ತೆ ಮುಚ್ಚಿದ ಮೇಲೆ, ಅಸ್ಸಾಮಿನ ಲೇಡೋ ಊರಿನಿಂದ ಹೊಸ ರಸ್ತೆ ಕಡಿಯುವ ಕೆಲಸ 1942ರ ಡಿಸೆಂಬರಿನಲ್ಲಿ ಆರಂಭವಾಯಿತು. ಅಲ್ಲಿಗೆ ಮೊದಲು ಬಂದ ಅಮೆರಿಕನ್ ದಳಗಳು 45ನೇ ಎಂಜಿನಿಯರ್ ರೆಜಿಮೆಂಟ್ ಮತ್ತು 823ನೇ ಏವಿಯೇಷನ್ ಎಂಜಿನಿಯರ್ ಬೆಟಾಲಿಯನ್. ಎರಡೂ ಕಪ್ಪು ಸೈನಿಕರ ದಳಗಳು. ಒಟ್ಟಾರೆ ಆ ರಸ್ತೆಯಲ್ಲಿ ದುಡಿದ ಸುಮಾರು 15,000 ಅಮೆರಿಕನ್ನರಲ್ಲಿ ಶೇ. 60ರಷ್ಟು ಜನ ಕಪ್ಪು ಸೈನಿಕರು. ಜೊತೆಗೆ ಸುಮಾರು 35,000 ಸ್ಥಳೀಯ ಕೂಲಿಗಳು. ಪಟ್ಕಾಯ್ ಬೆಟ್ಟಗಳು, ಮುಂಗಾರಿನ ಕೆಸರು, ಜಿಗಣೆ, ಮಲೇರಿಯಾ. ಕಡಿದ ರಸ್ತೆ ಒಂದೇ ಮಳೆಗೆ ಕುಸಿದು ಕಣಿವೆಗೆ ಜಾರುತ್ತಿತ್ತು. ಮತ್ತೆ ಬುಲ್ಡೋಜರ್ ಹತ್ತಬೇಕು. 1943ರ ಫೆಬ್ರವರಿ ಕೊನೆಗೆ ಪಾಂಗ್ಸೌ ಕಣಿವೆ ದಾಟಿ ಬರ್ಮಾ ಗಡಿ ಮುಟ್ಟಿದಾಗ, ಬರ್ಮಾಕ್ಕೆ ಸ್ವಾಗತ, ಟೋಕಿಯೊಗೆ ಹೀಗೆ ಹೋಗಿ ಎಂದು ಫಲಕ ನೆಟ್ಟರು. 1,100ಕ್ಕೂ ಹೆಚ್ಚು ಅಮೆರಿಕನ್ನರು ಆ ರಸ್ತೆಗಾಗಿ ಸತ್ತರು. ಮೈಲಿಗೊಂದು ಹೆಣ ಎಂಬ ಮಾತು ಆಗಲೇ ಹುಟ್ಟಿಕೊಂಡಿತ್ತು. 1945ರ ಜನವರಿ 12ರಂದು ಲೇಡೋದಿಂದ ಹೊರಟ ಮೊದಲ ಲಾರಿ ಸಾಲು ಫೆಬ್ರವರಿ 4ರಂದು ಚೀನಾದ ಕುನ್ಮಿಂಗ್ ತಲುಪಿತು. ರಸ್ತೆಗೆ ಬಂದ ಹೆಸರು ಸ್ಟಿಲ್‌ವೆಲ್ ರಸ್ತೆ, ಬಿಳಿಯ ಜನರಲ್ ಒಬ್ಬರ ಹೆಸರು. ಇವತ್ತು ಈಶಾನ್ಯಕ್ಕೆ ಪ್ರವಾಸ ಹೋಗುವ ನಮ್ಮವರು ಆ ಹೆಸರಿನ ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ಮುಂದಿನ ಸಲ ಹೋದಾಗ, ಅದನ್ನು ಕಡಿದವರು ಜಾರ್ಜಿಯಾ, ಅಲಬಾಮಾ ಕಡೆಯ ಕಪ್ಪು ಹುಡುಗರು ಮತ್ತು ನಮ್ಮದೇ ಕೂಲಿ ಜನ ಎಂದು ಜೊತೆಗಿರುವ ಮಕ್ಕಳಿಗೆ ದಯವಿಟ್ಟು ಹೇಳಿ.

ನೆದರ್ಲೆಂಡ್ಸ್‌ನ ಮಾರ್ಗ್ರಾಟನ್ ಎಂಬಲ್ಲಿ ಅಮೆರಿಕನ್ ಸೈನಿಕರ ದೊಡ್ಡ ಸ್ಮಶಾನವಿದೆ. ಈಗ ಸಾಲು ಸಾಲು ಬಿಳಿ ಶಿಲುಬೆ, ಒಪ್ಪವಾಗಿ ಕತ್ತರಿಸಿದ ಹುಲ್ಲು. 1944ರ ಕೊನೆಯಲ್ಲಿ ಅದು ಕೆಸರು ಹೊಲ. 960ನೇ ಕ್ವಾರ್ಟರ್‌ಮಾಸ್ಟರ್ ಕಂಪನಿ ಎಂಬ ಸರಬರಾಜು ದಳದ ಕಪ್ಪು ಸೈನಿಕರು ಗುದ್ದಲಿ, ಸಲಿಕೆ ಹಿಡಿದು, ಮಳೆಯಲ್ಲಿ, ಚಳಿಯಲ್ಲಿ ಅಲ್ಲಿ ಗುಂಡಿ ತೋಡಿದರು. ಲಾರಿಗಳಲ್ಲಿ ಹೆಣ ಬರುತ್ತಲೇ ಇದ್ದವು. ಅವರಲ್ಲೊಬ್ಬರಾದ ಜೆಫರ್ಸನ್ ವಿಗ್ಗಿನ್ಸ್, ಹತ್ತಾರು ವರ್ಷ ಬಾಯಿ ಬಿಡದೆ ಇದ್ದು, ಮುಪ್ಪಿನಲ್ಲಿ ಆ ದಿನಗಳ ಬಗ್ಗೆ ಮಾತಾಡಿದರು. ಬದುಕಿದ್ದಾಗ ಒಂದೇ ಮೇಜಿನಲ್ಲಿ ಉಣ್ಣಲು ಬಿಡದವರನ್ನು ಸತ್ತ ಮೇಲೆ ಕೈಯಾರೆ ಮಣ್ಣು ಮಾಡಿದವರು ಇವರು.

ಅದೇ ಚಳಿಗಾಲದಲ್ಲಿ ಜರ್ಮನರು ದೊಡ್ಡ ಪ್ರತಿದಾಳಿ ಮಾಡಿ ಬಲ್ಜ್ ಕದನ ಶುರುವಾಗಿ ಕಾಲಾಳುಗಳ ಕೊರತೆ ಬಿತ್ತು. ಆಗ ಮಾತ್ರ ಸರಬರಾಜು ದಳಗಳ ಕಪ್ಪು ಸೈನಿಕರಿಗೆ ಮುಂಚೂಣಿಗೆ ಬರುವಿರಾ ಎಂಬ ಕರೆ ಹೋಯಿತು. ಒಂದು ಷರತ್ತು: ಸಾರ್ಜೆಂಟ್ ಆಗಿದ್ದವನೂ ತೋಳಿನ ಪಟ್ಟಿ ಬಿಚ್ಚಿಟ್ಟು ಸಾಮಾನ್ಯ ಸಿಪಾಯಿಯಾಗಿ ಬರಬೇಕು. ಕಪ್ಪು ಸಾರ್ಜೆಂಟ್ ಬಿಳಿಯ ಸಿಪಾಯಿಗೆ ಆಜ್ಞೆ ಮಾಡುವಂತಾಗಬಾರದಲ್ಲ. ಪಟ್ಟಿ ಬಿಚ್ಚಿಟ್ಟು, ಸಂಬಳ ಕಳೆದುಕೊಂಡು, 2,000ಕ್ಕೂ ಹೆಚ್ಚು ಜನ ಬಂದರು. ಅವರೊಡನೆ ಹೋರಾಡಿದ ಬಿಳಿಯ ಸೈನಿಕರನ್ನು ಸೇನೆಯೇ ಆಮೇಲೆ ವಿಚಾರಿಸಿದಾಗ ಹೊಗಳಿಕೆಯ ಮಾತುಗಳೇ ಬಂದವು. ಆ ಸಮೀಕ್ಷೆಯನ್ನು ಸೇನೆ ಆಗ ಪ್ರಕಟಿಸಲಿಲ್ಲ.

ಕಾರ್ಪೊರಲ್ ರೂಪರ್ಟ್ ಟ್ರಿಮ್ಮಿಂಗ್‌ಹ್ಯಾಮ್ 1944ರಲ್ಲಿ ಸೈನಿಕರ ಪತ್ರಿಕೆ 'ಯಾಂಕ್'ಗೆ ಬರೆದ ಪತ್ರವೊಂದಿದೆ. ಲೂಸಿಯಾನಾದ ರೈಲು ನಿಲ್ದಾಣವೊಂದರಲ್ಲಿ ಇವರಿಗೂ ಜೊತೆಯ ಕಪ್ಪು ಸೈನಿಕರಿಗೂ ಹಿಂಬಾಗಿಲಿನಿಂದ ಅಡುಗೆಮನೆಗೆ ಹೋಗಿ ತಿನ್ನಬೇಕಾಯಿತು. ಅಷ್ಟರಲ್ಲಿ ಅಮೆರಿಕನ್ ಕಾವಲುಗಾರರೊಂದಿಗೆ ಜರ್ಮನ್ ಯುದ್ಧಕೈದಿಗಳು ಬಂದರು, ಮೇಜಿಗೆ ಕೂತರು, ಊಟ ಮಾಡಿದರು, ಸಿಗರೇಟು ಸೇದುತ್ತಾ ಹರಟೆ ಹೊಡೆದರು. ಕೊಲ್ಲಲು ಬಂದು ಸೆರೆಸಿಕ್ಕವನಿಗೆ ಮುಂಬಾಗಿಲು, ದೇಶಕ್ಕಾಗಿ ಹೊರಟವನಿಗೆ ಹಿಂಬಾಗಿಲು. ಆ ಪತ್ರ ಓದಿ ನಾಚಿಕೆಪಟ್ಟು ಉತ್ತರ ಬರೆದ ಬಿಳಿಯ ಸೈನಿಕರು ನೂರಾರು ಜನ ಎಂಬುದನ್ನೂ ಹೇಳಲೇಬೇಕು.

ಯುದ್ಧ ಮುಗಿಯಿತು, ಇವರು ಮನೆಗೆ ಮರಳಿದರು. ಐಸಾಕ್ ವುಡ್ವರ್ಡ್ ಪೆಸಿಫಿಕ್‌ನಲ್ಲಿ ಹಡಗಿನ ಸರಕು ಇಳಿಸುವ ದಳದಲ್ಲಿದ್ದ ಸಾರ್ಜೆಂಟ್. 1946ರ ಫೆಬ್ರವರಿ 12ರಂದು ಸೇನೆಯಿಂದ ಬಿಡುಗಡೆಯಾಗಿ, ಸಮವಸ್ತ್ರದಲ್ಲೇ ಬಸ್ಸು ಹತ್ತಿದ. ಶೌಚಕ್ಕೆ ನಿಲ್ಲಿಸಿ ಎಂದು ಕೇಳಿದ್ದಕ್ಕೆ ಡ್ರೈವರ್ ಜೊತೆ ಮಾತಿಗೆ ಮಾತು ಬೆಳೆಯಿತು. ಸೌತ್ ಕೆರೊಲಿನಾದ ಬೇಟ್ಸ್‌ಬರ್ಗ್‌ನಲ್ಲಿ ಅವನನ್ನು ಕೆಳಗಿಳಿಸಿ, ಪೊಲೀಸ್ ಮುಖ್ಯಸ್ಥ ಲಾಠಿಯಿಂದ ಹೊಡೆದು ಎರಡೂ ಕಣ್ಣು ಹಾಳು ಮಾಡಿದ. ಬಿಳಿಯರೇ ಇದ್ದ ಜ್ಯೂರಿ ಅರ್ಧ ಗಂಟೆಯೊಳಗೆ ಆರೋಪಿಯನ್ನು ಖುಲಾಸೆ ಮಾಡಿತು. ನಾರ್ಮಂಡಿಯ ಬಂದರಿನಲ್ಲಿ ಸರಕು ಹೊತ್ತ ಮೆಡ್ಗರ್ ಎವರ್ಸ್ ಊರಿಗೆ ಮರಳಿ ಮತ ಹಾಕಲು ಹೋದಾಗ ಬಂದೂಕು ಹಿಡಿದ ಗುಂಪು ಅಡ್ಡ ನಿಂತಿತ್ತು. ಅವರು ಮಿಸಿಸಿಪ್ಪಿಯ ನಾಗರಿಕ ಹಕ್ಕು ಹೋರಾಟದ ಮುಂದಾಳಾದರು. 1963ರಲ್ಲಿ ಮನೆಯ ಅಂಗಳದಲ್ಲೇ ಗುಂಡಿಗೆ ಬಲಿಯಾದರು. ನಿವೃತ್ತ ಸೈನಿಕರಿಗೆಂದು ಬಂದ ಸಾಲದ ಯೋಜನೆಯನ್ನೇ ತೆಗೆದುಕೊಳ್ಳಿ. 1947ರಲ್ಲಿ ಮಿಸಿಸಿಪ್ಪಿಯಲ್ಲಿ ಸರಕಾರದ ಖಾತರಿಯ 3,229 ಸಾಲಗಳ ಲೆಕ್ಕ ನೋಡಿದಾಗ ಕಪ್ಪು ಸೈನಿಕರ ಪಾಲಿಗೆ ಬಂದಿದ್ದವು ಎರಡು.

ಉಪನ್ಯಾಸದ ಕೊನೆಗೆ ಪದವಿ ಓದುತ್ತಿರುವ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಇಷ್ಟೆಲ್ಲ ಅವಮಾನ ಇದ್ದರೂ ಅವರು ಯಾಕೆ ಸೇರಿದರು?" ಎಂದು ಕೇಳಿದಳು. ಎಷ್ಟೋ ಜನರಿಗೆ ಆಯ್ಕೆಯೇ ಇರಲಿಲ್ಲಮ್ಮ, ಕಾನೂನು ಕರೆದಿತ್ತು ಎಂದೆ. ಆದರೆ ಅಷ್ಟೇ ಹೇಳಿ ಬಿಟ್ಟರೆ ಅವರಿಗೆ ಅನ್ಯಾಯವಾಗುತ್ತದೆ. 1942ರ ಜನವರಿಯಲ್ಲಿ ಕ್ಯಾನ್ಸಸ್‌ನ ಜೇಮ್ಸ್ ಥಾಂಪ್ಸನ್ ಎಂಬ 26 ವರ್ಷದ ಯುವಕ ಪಿಟ್ಸ್‌ಬರ್ಗ್ ಕೊರಿಯರ್ ಎಂಬ ಕಪ್ಪು ಜನರ ಪತ್ರಿಕೆಗೆ ಇದೇ ಪ್ರಶ್ನೆ ಕೇಳಿ ಪತ್ರ ಬರೆದಿದ್ದ. ಅರ್ಧ ಅಮೆರಿಕನ್ನನಾಗಿ ಬದುಕಲು ನಾನು ಪ್ರಾಣ ಕೊಡಬೇಕೆ ಎಂಬುದು ಅವನ ಪ್ರಶ್ನೆ. ಉತ್ತರವನ್ನೂ ಅವನೇ ಕೊಟ್ಟ: ನಮಗೆ ಎರಡು ಗೆಲುವು ಬೇಕು, ಹೊರಗಿನ ಶತ್ರುವಿನ ಮೇಲೊಂದು, ಒಳಗಿನ ಶತ್ರುವಿನ ಮೇಲೊಂದು. 'ಡಬಲ್ ವಿ' (ವಿ ಅಂದರೆ ವಿಕ್ಟರಿ, ಗೆಲುವು) ಎಂಬ ಚಳವಳಿ ಹುಟ್ಟಿದ್ದು ಆ ಪತ್ರದಿಂದ.

ಎರಡನೇ ಗೆಲುವಿಗೆ ಇನ್ನೂ ಕಾಯಬೇಕಾಯಿತು. 1948ರಲ್ಲಿ ಸರಕಾರ ಮತ್ತೆ ಕಡ್ಡಾಯ ಭರ್ತಿ ತರಲು ಹೊರಟಾಗ, ಕಾರ್ಮಿಕ ನಾಯಕ ಎ. ಫಿಲಿಪ್ ರ್‍ಯಾಂಡಾಲ್ಫ್ ಸೆನೆಟ್ ಸಮಿತಿಯ ಮುಂದೆ ಕೂತು, ಸೇನೆಯಲ್ಲಿ ಭೇದ ತೊಲಗದಿದ್ದರೆ ಕರೆ ಬಂದರೂ ಹೋಗಬೇಡಿ ಎಂದು ನಮ್ಮ ಹುಡುಗರಿಗೆ ಹೇಳುತ್ತೇನೆ ಎಂದರು. ಗಾಂಧಿಯವರ ಅಸಹಕಾರವನ್ನು ಅವರು ಚೆನ್ನಾಗಿ ಅಭ್ಯಾಸ ಮಾಡಿದ್ದರು. ಮೇರ್ ಐಲ್ಯಾಂಡಿನಲ್ಲಿ 258 ಜನ ನಿಂತಲ್ಲೇ ನಿಂತು ಹೇಳಿದ ಮಾತೂ ಅದೇ ಅಲ್ಲವೇ? ವುಡ್ವರ್ಡ್‌ನ ಪ್ರಕರಣ ಕೇಳಿ ಆಗಲೇ ಕುದಿದಿದ್ದ ಅಧ್ಯಕ್ಷ ಟ್ರೂಮನ್ 1948ರ ಜುಲೈ 26ರಂದು, ಸೇನೆಯಲ್ಲಿ ಬಣ್ಣದ ಭೇದವಿಲ್ಲದೆ ಎಲ್ಲರಿಗೂ ಸಮಾನ ಅವಕಾಶ ಎಂದು ಸಾರಿದ 9981ನೇ ಆದೇಶಕ್ಕೆ ಸಹಿ ಹಾಕಿದರು. ಸೇನೆಯ ಹಿರಿಯರು ವರ್ಷಗಟ್ಟಲೆ ಎಳೆದಾಡಿದರು. ಕಪ್ಪು ಸೈನಿಕರಿಗೇ ಎಂದು ಇದ್ದ ಕೊನೆಯ ದಳ ಮುಚ್ಚಿದ್ದು 1954ರಲ್ಲಿ.